ಕೆಂಪು ಸ್ವೆಟರಿನ ಹೂವು

ಸ್ವೆಟರಿನ ಒಂದೇ ತೋಳು ಉಳಿದಿತ್ತು. ಅದನ್ನೂ ಯಲ್ಲವ್ವ ತೊಡೆಯ ಮೇಲಿಟ್ಟುಕೊಂಡು ಸರಸರ ಬಿಚ್ಚುತ್ತಿದ್ದಳು. ಕೆಲಸ ಮುಗಿಸಿ ಬಂದ ಸೊಸೆ ದ್ರಾಕ್ಷಾಯಿಣಿ ಬಾಗಿಲಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಬುತ್ತಿಡಬ್ಬಿ ಜಾರಿ, ಗೋವಾದ ಝುವಾರಿನಗರದ ಆ ಇಕ್ಕಟ್ಟು ಓಣಿಯ ಗಟಾರದವರೆಗೆ ಉರುಳಿಕೊಂಡು ಹೋಯಿತು. ಅವಳಿಗೆ ಅದರ ಸದ್ದೂ ಕೇಳಲಿಲ್ಲ.

“ಅತ್ತೀ! ಏನ್ ಮಾಡಾಕತ್ತೀರಿ? ಅದು ಅವರ ಸ್ವೆಟರ್ರಿ!”

“ಗೊತ್ತೈತಿ. ಹಡದ ಮಗನ ಅರಿವಿ ನನಗ ಗುರ್ತ ಹತ್ತೂದಿಲ್ಲೇನು?”

ಮದುವೆಯಾದ ವರ್ಷ, ಗಂಡ ಯಮನೂರನ ಬಂದರಿನ ರಾತ್ರಿಪಾಳಿಗೆಂದು ದ್ರಾಕ್ಷಾಯಿಣಿ ತಾನೇ ಹೆಣೆದ ಸ್ವೆಟರು ಅದು. ಕಾಮಣಿ ರೋಗವಾಗಿ ಅವನು ತೀರಿಕೊಂಡ ಮೇಲೆ ಅವಳು ಅದನ್ನು ಒಮ್ಮೆಯೂ ಒಗೆದಿರಲಿಲ್ಲ. ಟ್ರಂಕು ತೆರೆದು, ಮೂಸಿ, ಮತ್ತೆ ಮಡಚಿಡುತ್ತಿದ್ದಳು. ಈಗ ಅದು ಮುದುಕಿಯ ಕಾಲಬುಡದಲ್ಲಿ ಸುರುಳಿ ಸುರುಳಿ ದಾರದ ಗುಡ್ಡೆ. ಪಕ್ಕದಲ್ಲಿ ಹೊಸದಾಗಿ ಹೊಲಿದ ಕೌದಿ. ಅದರ ಮೂರು ಮೂಲೆಗಳಲ್ಲಿ ಆಗಲೇ ಅದೇ ದಾರದ ಪುಟ್ಟ ಕೆಂಪು ಹೂವುಗಳು ಅರಳಿದ್ದವು.

“ನಿಮಗ ಮನಸ್ಸರ ಹೆಂಗ ಬಂತ್ರಿ?” ದ್ರಾಕ್ಷಾಯಿಣಿ ಕುಸಿದು ಕೂತಳು. “ಎಷ್ಟ ದಿನ ಒಬ್ಬಾಕಿ ಇರ್ತಿ, ಉಡಿಕಿ ಆಗು, ಇನ್ನೊಂದು ಲಗ್ನ ಮಾಡ್ಕೋ ಅಂತ ನೀವ ಗಂಟುಬಿದ್ರಿ. ಹೂಂ ಅಂದೆ. ಅಷ್ಟಕ್ಕ ಅವರದು ಏನೂ ಉಳಿಸಬಾರ್ದೇನ್ರಿ? ಅದರಾಗ ಅವರ ಬೆವರಿನ ವಾಸನಿ ಇತ್ರಿ!”

“ಬೆವರು ದಾರದಾಗ ಇರತೈತಿ ಹುಚ್ಚಿ, ತೋಳಿನಾಗಲ್ಲ.” ಯಲ್ಲವ್ವ ಕೈ ನಿಲ್ಲಿಸಲಿಲ್ಲ. “ನಿನ್ನ ಹೊಸ ಅತ್ತಿ ದುರಗವ್ವ ಏನಂದ್ಲು? ಮೊದಲನೇ ಗಂಡಂದು ಒಂದು ಅರಿವಿ, ಒಂದು ಫೋಟೋ ನಮ್ಮ ಹೊಸ್ತಿಲಾ ದಾಟಬಾರ್ದು ಅನ್ಲಿಲ್ಲೇನು? ಸ್ವೆಟರ್ ದಾಟೂದಿಲ್ಲ. ಹೂವು ದಾಟತಾವ. ಹೊಚ್ಕೊಂಡು ಮಲಕ್ಕೋ, ಯಾರು ಕೇಳ್ತಾರ?”

ದ್ರಾಕ್ಷಾಯಿಣಿ ಕೌದಿಯ ಮೂಲೆ ಎತ್ತಿ ಹೂವನ್ನು ಮೂಸಿದಳು.

“ಯಾರವ್ವಾ ಇದು, ಗಟಾರಕ್ಕ ಬುತ್ತಿ ಕಟ್ಟಿ ಕಳಿಸೀರಿ?” ಹೊರಗಿನಿಂದ ದನಿ ಬಂತು. ಡಬ್ಬಿ ಹಿಡಿದುಕೊಂಡು ಒಳಗೆ ಬಂದವಳು ದುರಗವ್ವನೇ. ಕೊರ್ತಾಲಿಮ್‌ನ ಕಂಠೆಪ್ಪನ ತಾಯಿ, ದ್ರಾಕ್ಷಾಯಿಣಿಗೆ ಅತ್ತೆಯಾಗಲಿದ್ದವಳು. ಯಲ್ಲವ್ವ ಉಳಿದ ತೋಳನ್ನು ಸೆರಗಿನಡಿ ತುರುಕಿದಳು. ದಾರದ ಗುಡ್ಡೆಯನ್ನು ತುರುಕಲಾಗಲಿಲ್ಲ.

ದುರಗವ್ವ ಕೌದಿಯ ಮುಂದೆ ಕೂತು ಹೂವೊಂದನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಆಮೇಲೆ ನೆಲದ ಮೇಲಿನ ದಾರದ ಎಳೆ ಹಿಡಿದು ಜಗ್ಗಿದಳು. ಬಿಟ್ಟೊಡನೆ ಅದು ಮತ್ತೆ ಸುರುಳಿಯಾಯಿತು.

“ಇದು ಅಂಗಡಿ ದಾರ ಅಲ್ಲ,” ಎಂದಳು. “ತೊಟ್ಟು ಬಿಚ್ಚಿದ್ದು.”

ಸಂಬಂಧ ಮುರಿಯಿತೆಂದು ಯಲ್ಲವ್ವ ಕಣ್ಣು ಮುಚ್ಚಿದಳು.

ದುರಗವ್ವ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. “ಅವತ್ತು ಗಂಡಸರು ಕೂತಿದ್ರು, ಹಂಗ ಅನಬೇಕಾತು. ಹಿಂಗ ಬಿಟ್ರ ನೋಡಿದವರಿಗೆ ತಿಳೀತೈತ್ರಿ. ಬಿಸಿನೀರಾಗ ಅದ್ದಿ, ತುದಿಗೆ ಕಲ್ಲು ಕಟ್ಟಿ ತೂಗಬಿಡ್ರಿ. ಸುರುಳಿ ಹೋಗತೈತಿ. ನಾನೂ ಉಡಿಕಿ ಆಗಿ ಬಂದಾಕಿನ.”

“ಬಿಸಿನೀರಾಗ ಅದ್ದಾಕ ಬೇಕೇನ್ರಿ?” ದ್ರಾಕ್ಷಾಯಿಣಿ ಹೂವನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು. “ವಾಸನಿ?”

ದುರಗವ್ವ ಎಲೆ ಹಾಕಿಕೊಳ್ಳಲೆಂದು ಸೊಂಟದಿಂದ ಬಟ್ಟೆಯ ಚಂಚಿ ತೆಗೆದಳು. ಅದರ ಬಾಯಿಗೆ ಹೊಲಿದಿದ್ದ ನೀಲಿ ಹೂವು ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು. ದಾರ ಮಾತ್ರ ಇನ್ನೂ ಸುರುಳಿ ಬಿಟ್ಟಿರಲಿಲ್ಲ.