ಕೆನ್ನೆ ತುಂಬುವ ಸೂಜಿ

ಬಸಲಿಂಗಪ್ಪ ಹೆಂಡತಿ ನೀಲಾಂಬಿಕೆಯ ರಟ್ಟೆ ಹಿಡಿದು ಚರ್ಮವೈದ್ಯೆ ವೈಜಯಂತಿಯ ಕೋಣೆಗೆ ಎಳೆದುತಂದ. ಅವನ ಗುದ್ದಿಗೆ ಮೂಳೆ ಮುರಿದು ಅವಳ ಎಡಗೆನ್ನೆ ಕುಳಿಬಿದ್ದಿತ್ತು.

"ಮಗಳ ಲಗ್ನ ಹತ್ರ ಬಂತು. ಮಂದಿ ನೋಡ್ತಾರ. ಇವತ್ತ ತುಂಬಿಸಿಬಿಡ್ರಿ," ಎಂದ.

"ಇದು ಒಮ್ಮೆಲೆ ತುಂಬೂ ಸೂಜಿ ಅಲ್ರಿ. ಒಳಗಿಂದ ನಿಧಾನಕ್ಕ ಬೆಳಸ್ತೈತಿ. ಮೂರು ತಿಂಗಳು ಬೇಕು."

"ಎಲ್ಲಾ ಇಕಿಯಿಂದ!" ಎಂದು ಅವನು ವೈದ್ಯೆಯ ಎದುರೇ ಹೆಂಡತಿಯ ಬಾಯಿಗೆ ಬಾರಿಸಿದ. ತುಟಿ ಒಡೆದು ರಕ್ತ ಸೀರೆಗೆ ಇಳಿಯಿತು.

ವೈಜಯಂತಿ ಎದ್ದು ನಡುವೆ ನಿಂತಳು. "ತುಂಬೂತನಕ ಇನ್ನೊಂದು ಏಟು ಬಿದ್ರ ಔಷಧ ಕೆಟ್ಟು ಮುಖ ವಿಕಾರ ಆಗ್ತೈತಿ. ಮಂದಿ ನಿಮಗ ನಗ್ತಾರ."

ಎತ್ತಿದ ಕೈಯನ್ನು ಅವನು ಇಳಿಸಿದ.

ತಿಂಗಳಿಗೊಂದರಂತೆ ಮೂರು ಸೂಜಿಗಳಾದವು. ಕಡೆಯ ಸಲ ವೈಜಯಂತಿ ಕನ್ನಡಿ ಹಿಡಿದಳು. ಕೆನ್ನೆ ದುಂಡಗೆ ತುಂಬಿಕೊಂಡಿತ್ತು.

"ಮುಗೀತು ನೋಡ್ರಿ. ಯಜಮಾನ್ರು ಹೊರಗ ಕುಂತಾರ, ಹೇಳಿ ಬರ್ತೀನಿ."

ನೀಲಾಂಬಿಕೆ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಲಗ್ನ ಆಗಿ ಇಪ್ಪತ್ತು ವರ್ಷ ಆತ್ರಿ ಅಕ್ಕಾರ, ಹೊಡತ ಬೀಳದ ತಿಂಗಳು ಇವ ಮೂರ ನೋಡ್ರಿ. ಇನ್ನೂ ತುಂಬಿಲ್ಲ ಅಂತ ಹೇಳ್ರಿ."