ನುಣ್ಣಗೋ, ತರಿಯೋ

"ದನಿ ಎಷ್ಟು ನುಣ್ಣಗೈತೆ ಕಣೋ. ಮೊದ್ಲಿಂದ ಇಂಥದ್ದನ್ನೇ ಹಾಕ್ಬಾರ್ದಿತ್ತಾ?" ರಾಗಿ ಕೇರುತ್ತಿದ್ದ ಮೊರವನ್ನು ಮಡಿಲಲ್ಲಿಟ್ಟುಕೊಂಡು ಅಮ್ಮ ತಲೆದೂಗಿದಾಗ ಮರುಳಸಿದ್ಧನಿಗೆ ಮೈಯೆಲ್ಲ ಉರಿದುಹೋಯಿತು.

ಟೇಪ್‌ರೆಕಾರ್ಡರಿನಲ್ಲಿ ತಿರುಗುತ್ತಿದ್ದುದು ಅವನು ವರ್ಷಗಟ್ಟಲೆ ಕಾದು ಬೆಂಗಳೂರಿನ ಗೆಳೆಯನಿಂದ ತರಿಸಿಕೊಂಡ ಹೊಸ ಕ್ಯಾಸೆಟ್. ಕಬ್ಬಿಣದ ಪೀಪಾಯಿ ಬಡಿದು, ಡ್ರಿಲ್ ಮೆಷಿನ್ ಕೂಗಿಸಿ ಹಾಡು ಕಟ್ಟುತ್ತಿದ್ದ ಅದೇ ಜರ್ಮನಿಯ ತಂಡ. ಅವರ ಹಳೆಯ ಕ್ಯಾಸೆಟ್ ಹಾಕಿದಾಗಲೆಲ್ಲ ಈ ಅಮ್ಮನೇ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹುಡುಗನಿಗೆ ತಲೆ ಕೆಟ್ಟಿದೆ ಎಂದು ಅಜ್ಜಂಪುರದ ಅರ್ಧ ಬೀದಿ ಆಡಿಕೊಂಡಿತ್ತು. ಅಷ್ಟೂ ಜನರ ಮುಂದೆ ಅವನೊಬ್ಬನೇ ಆ ತಂಡದ ಪರ ವಹಿಸಿ ಜಗಳಾಡಿದ್ದ. ಈಗ ಆ ದ್ರೋಹಿಗಳು ಪಿಟೀಲು ಹಿಡಿದು, ಮಗು ಮಲಗಿಸುವವರಂತೆ ಮೆಲ್ಲಗೆ ಹಾಡುತ್ತಿದ್ದರು.

ಕ್ಯಾಸೆಟ್ ಕಿತ್ತು ಮೂಲೆಗೆಸೆದ. "ಯಾಕೋ, ಚೆನ್ನಾಗಿತ್ತಲ್ಲೋ," ಎಂದು ಅಮ್ಮ ಕೇಳುತ್ತಿದ್ದಂತೆಯೇ, ಅವಳು ಎಷ್ಟು ಹೇಳಿದರೂ ಎಂದೂ ಮುಟ್ಟದ ರಾಗಿಯ ಡಬ್ಬವನ್ನು ಹೆಗಲಿಗೇರಿಸಿಕೊಂಡು ಗಿರಣಿಗೆ ನಡೆದ.

ಅಲ್ಲಿ ಬೆಲ್ಟು ಪಟಪಟ ಬಡಿಯುತ್ತಿತ್ತು, ಬೀಸುವ ಕಲ್ಲು ಅರಚುತ್ತಿತ್ತು, ಕಾಲ ಕೆಳಗೆ ನೆಲ ನಡುಗುತ್ತಿತ್ತು. ಅವನು ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತುಬಿಟ್ಟ. ಇದಾದರೂ ಬದಲಾಗಿರಲಿಲ್ಲ. ಗಿರಣಿಯ ಈರಭದ್ರಪ್ಪ ಡಬ್ಬ ಇಸಿದುಕೊಂಡು, ಮುದ್ದೆಯ ಹಿಟ್ಟಿಗೆ ಬಂದವರನ್ನೆಲ್ಲ ಕೇಳುವಂತೆ ಅವನನ್ನೂ ಕೂಗಿ ಕೇಳಿದ: "ನುಣ್ಣಗೆ ಬೀಸ್ಲೇನಪ್ಪಾ?"

"ಬ್ಯಾಡ," ಮರುಳಸಿದ್ಧ ಹಲ್ಲು ಕಚ್ಚಿ ಹೇಳಿದ. "ತರಿಯಾಗೇ ಬೀಸಣ್ಣ. ನುಂಗೋರಿಗೆ ಗಂಟ್ಲು ಗೀರ್ಬೇಕು."