ನಚಿಕೇತನ ಪ್ರಶ್ನೆ

ಮೂವತ್ತು ವರ್ಷ ಹರಿಕಥೆ ಮಾಡಿದ ದಾಸರ ಗಂಟಲಿಗೆ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು. ಅಳಬೇಕೆಂದೂ ಅವರಿಗೆ ಅನ್ನಿಸುತ್ತಿರಲಿಲ್ಲ. ಒಂಬತ್ತು ವರ್ಷದ ಮೇಲೆ ಮನೆಗೆ ಬಂದ ಮಗ ಪವಮಾನ ಪಕ್ಕದಲ್ಲಿ ಕೂತಾಗಲೂ ಏನೂ ಅನ್ನಿಸಲಿಲ್ಲ.

"ನಮ್ಮ ಬ್ಯಾಂಡಿನ ಹೊಸ ಆಲ್ಬಂ, ಅಪ್ಪ. ಮೆಟಲ್ ಸಂಗೀತ, ನಿಮಗೆ ಗದ್ದಲ ಅನ್ನಿಸಬಹುದು. ಆದ್ರೆ ಏಳು ಹಾಡೂ ಸೇರಿ ಒಂದೇ ಕಥೆ, ನಚಿಕೇತಂದು," ಎಂದು ಮಗ ಅವರ ಕಿವಿಗೆ ಹೆಡ್‌ಫೋನ್ ಇಟ್ಟ.

ಡ್ರಮ್ಮು, ಗಿಟಾರು ಅಬ್ಬರಿಸಿದವು. ದಾಸರು ಗೋಡೆ ನೋಡುತ್ತಾ ಕೇಳಿದರು. ತಾವು ನೂರಾರು ಸಲ ಹೇಳಿದ ಕಥೆಯೇ. ಬಡಕಲು ಹಸುಗಳನ್ನು ದಾನ ಕೊಡುವ ತಂದೆ, 'ನನ್ನನ್ನು ಯಾರಿಗೆ ಕೊಡುತ್ತೀ?' ಎಂದು ಮತ್ತೆ ಮತ್ತೆ ಕೇಳುವ ಮಗ. ಮೂರನೆಯ ಸಲ ಕೇಳಿದಾಗ ವಾದ್ಯಗಳೆಲ್ಲ ತಟ್ಟನೆ ನಿಂತವು. ಫೋನಿನ ಕರಕರದ ನಡುವೆ ತಂದೆಯ ಉತ್ತರ ಬಂತು.

"ಗಿಟಾರು ಹಿಡ್ಕೊಂಡು ಓದು ಬಿಟ್ಟೆಯಲ್ಲ, ನಿನ್ನನ್ನ ಯಮನಿಗೆ ಕೊಟ್ಟೆ ಹೋಗು."

ಅದು ದಾಸರದೇ ದನಿಯಾಗಿತ್ತು, ಒಂಬತ್ತು ವರ್ಷದ ಹಿಂದೆ ಫೋನಿನಲ್ಲಿ ಮಗನಿಗೆ ಆಡಿದ ಮಾತು.

ಅವರು ಹೆಡ್‌ಫೋನ್ ತೆಗೆದಿಟ್ಟು, ಸ್ಲೇಟಿನ ಮೇಲೆ ನಿಧಾನವಾಗಿ ಬರೆದರು: 'ಇಷ್ಟು ವರ್ಷ ನೀನು ಇದನ್ನು ಯಾಕೆ ಇಟ್ಟುಕೊಂಡೆ?'

ಮಗ ಓದಿ ಸ್ಲೇಟನ್ನು ಪಕ್ಕಕ್ಕಿಟ್ಟ.

"ಸಿಟ್ಟಿಗೇ ಇಟ್ಕೊಂಡಿದ್ದೆ. ನಿಮ್ಮ ಆಪರೇಷನ್ ಸುದ್ದಿ ಕೇಳಿದ ದಿನ ಅಳಿಸೋಕೆ ಹೋದೆ. ಅಳಿಸೋ ಮುಂಚೆ ನಿಮ್ಮ ದನಿ ಬೇರೆಲ್ಲಾದ್ರೂ ಇದೆಯಾ ಅಂತ ಎಲ್ಲರನ್ನೂ ವಿಚಾರಿಸಿದೆ, ನಿಮ್ಮ ಕಥೆದು ಒಂದು ಕ್ಯಾಸೆಟ್ಟೂ ಸಿಗಲಿಲ್ಲ. ನಿಮ್ಮ ದನಿ ಅಂತ ಉಳಿದಿರೋದು ಅದೊಂದೇ, ಅಪ್ಪ."